ಕೆಂಪು ಬಸ್ತಾದೊಳಗಿನ ಪಾಟಿ

“ಏನ್ ತಮ್ಮಾ, ಪರೀಕ್ಷಾದ ಸಾಹೇಬ ಟಾಂಗಾದಾಗ ಹೋಗಿ ತಾಸಾತು, ನೀ ಇಲ್ಲಿ ತಲಿಗಿ ಎಣ್ಣಿ ಹಚಗೊಂಡು ಕುಂತಿದಿ?”

ಅಡ್ಡಗೋಡೆಯ ಮೇಲೆ ಪಕ್ಕದ ಮನೆಯ ರುಕ್ಮಿಣಿಬಾಯಿಯ ತಲೆಯಷ್ಟೇ ಕಾಣುತ್ತಿತ್ತು. ಅಂಗಳದಲ್ಲಿ ಮಣೆಯ ಮೇಲೆ ಕೂತಿದ್ದ ಮನ್ಮಥಪ್ಪ ಕಣ್ಣಿಗಿಳಿದ ಎಣ್ಣೆ ಒರೆಸಿಕೊಂಡ.

“ಪರೀಕ್ಷಾ ನಾಳಿಗದ ಅಕ್ಕಾ. ಇವತ್ತ ಜುಮ್ಮಾ, ರಜಾ ಅಲ್ಲೇನು?”

“ಜುಮ್ಮಾದ ರಜಾ ನಿಜಾಮನ ಸಂಗಟ ಹೋತು. ಈಗ ಐತವಾರ ರಜಾ. ಪಗಾರ ತಗೋಳೋದು ನೀ, ನೆನಪ ಇಡೋದು ನಾ?”

ಮನ್ಮಥಪ್ಪ ಎದ್ದ ರಭಸಕ್ಕೆ ಮಣೆಯೂ ಅವನ ಜೊತೆ ಎರಡು ಗೇಣು ಬಂತು.

ಭಾಲ್ಕಿ ಬಿಟ್ಟು ಒಂದು ಹೆಜ್ಜೆ ಕದಲದೆ ಮನ್ಮಥಪ್ಪ, ಅವನ ಹೆಂಡತಿ ಅನುಸೂಯಾಬಾಯಿ ಇಬ್ಬರೂ ಹೊಸ ದೇಶಕ್ಕೆ ಬಂದು ಒಂದು ವರ್ಷವಾಗಿತ್ತು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಭಾರತಕ್ಕೆ ಸೇರಿದ ಮೇಲೆ ಮನೆ ಅದೇ, ಬಾವಿ ಅದೇ, ಸೋರುವ ಮಾಳಿಗೆಯೂ ಅದೇ. ದೇಶ ಮಾತ್ರ ಬೇರೆ. ಮನ್ಮಥಪ್ಪನ ದಫ್ತರಿನಲ್ಲಿ ಗೋಡೆಯ ಮೇಲಿನ ತಸಬೀರು ಬದಲಾಯಿತು, ತಲೆಯ ಮೇಲಿನ ಟೋಪಿ ಬದಲಾಯಿತು, ವಾರದ ರಜೆ ಶುಕ್ರವಾರದಿಂದ ಭಾನುವಾರಕ್ಕೆ ಹೋಯಿತು, ಅವನ ರೂಢಿ ಮಾತ್ರ ಹೋಗಲಿಲ್ಲ. ಕಡೆಗೆ ಒಂದು ಹುಕುಂ ಬಂತು: ವರ್ಷದೊಳಗೆ ಪ್ರತಿಯೊಬ್ಬ ಗುಮಾಸ್ತನೂ ಕನ್ನಡ ಬರೆಯಲು ಕಲಿಯಬೇಕು, ಕಲಿಯದವನ ನೌಕರಿಗೆ ಭರವಸೆ ಇಲ್ಲ.

ಮನ್ಮಥಪ್ಪ ಸಾಯಗಾಂವದಲ್ಲಿ ಹುಟ್ಟಿದಾಗಿನಿಂದ ಆಡಿದ್ದು ಕನ್ನಡ, ಸಾಲಿಯಲ್ಲಿ ಕಲಿತದ್ದು ಉರ್ದು. ಕನ್ನಡದ ಒಂದಕ್ಷರ ಕಂಡರೂ ಅವನಿಗೆ ಅದು ಸುರುಳಿ ಸುತ್ತಿ ಮಲಗಿದ ಚೇಳಿನ ಹಾಗೆ ಕಾಣುತ್ತಿತ್ತು. ಅಷ್ಟು ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ. ಪಕ್ಕದ ಮೇಜಿನ ಫಕ್ರೋದ್ದೀನ ಮೊದಲ ದಿನವೇ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು, ಹೋಗಿಬರುವವರನ್ನೆಲ್ಲ ನಿಲ್ಲಿಸಿ ‘ಇದು ಯಾವ ಅಕ್ಷರ’ ಎಂದು ಕೇಳಿ ಕಲಿಯತೊಡಗಿದ್ದ. ಮನ್ಮಥಪ್ಪ ಮಾತ್ರ ಹುಕುಂ ಬಂದ ದಿನ ಎಲ್ಲರೆದುರು, “ಕನ್ನಡ ನಮ್ಮ ಮನಿ ಮಾತು, ನನಗೇನ ಕಲಿಯೋದದ? ದಿನಾ ವಚನಾ ಓದ್ತೇನಿ” ಎಂದುಬಿಟ್ಟಿದ್ದ. ಆಮೇಲೆ ಆ ಮಾತು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ವಚನ ಓದಲು ಬರುತ್ತಿದ್ದದ್ದು ಅನುಸೂಯಾಬಾಯಿಗೆ. ಕಮಠಾಣದ ತವರಿನಲ್ಲಿ ಅವಳಪ್ಪ ಮಗಳಿಗೆ ಅಷ್ಟು ಕಲಿಸಿ ಕಳಿಸಿದ್ದ. ಹೀಗಾಗಿ ದಿನಾ ಸಂಜೆ ಮನ್ಮಥಪ್ಪನ ಮನೆಯ ಬಾಗಿಲು ಹಗಲಿರುವಾಗಲೇ ಮುಚ್ಚುತ್ತಿತ್ತು. ಒಳಗೆ ಮೂವತ್ತೈದು ವರ್ಷದ ಗಂಡಸು ಹೆಂಡತಿಯ ಎದುರು ಚಕ್ಕಳಮಕ್ಕಳ ಹಾಕಿ, ಬಳಪ ಹಿಡಿದು ಪಾಟಿಯ ಮೇಲೆ ತಿದ್ದುತ್ತಿದ್ದ. ಕಲಿತದ್ದು ಕಡಿಮೆ, ನಾಚಿಕೆಪಟ್ಟದ್ದು ಹೆಚ್ಚು. ಯಾರಾದರೂ ಕಂಡಾರೆಂದು ಪಾಟಿಯನ್ನು ದಫ್ತರಿನ ಕಾಗದದಂತೆ ಕೆಂಪು ಬಟ್ಟೆಯ ಬಸ್ತಾದಲ್ಲಿ ಸುತ್ತಿ ಗೂಡಿನಲ್ಲಿಡುತ್ತಿದ್ದ. ದಫ್ತರಿನ ಖರೇ ಬಸ್ತಾ ಇರುತ್ತಿದ್ದದ್ದೂ ಅದೇ ಗೂಡಿನಲ್ಲಿ.

ಆ ಶುಕ್ರವಾರ ಗಡಿಬಿಡಿಯಲ್ಲಿ ಅವನ ಕೈಗೆ ಸಿಕ್ಕಿದ್ದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ದಫ್ತರು ಮುಟ್ಟುವಷ್ಟರಲ್ಲಿ ಎಣ್ಣೆ ಟೋಪಿಯನ್ನು ದಾಟಿ ಕಿವಿಗೆ ಇಳಿದಿತ್ತು. ಬಳ್ಳಾರಿ ಕಡೆಯಿಂದ ಬಂದಿದ್ದ ಸಾಹೇಬರು ಉಳಿದವರ ಪರೀಕ್ಷೆ ಮುಗಿಸಿ, ಬರೆದ ಕಾಗದಗಳನ್ನು ಕಟ್ಟುತ್ತಿದ್ದರು. ಫಕ್ರೋದ್ದೀನ ಕಣ್ಣಿನಲ್ಲೇ ಏನೋ ಹೇಳಲು ನೋಡಿದ. ಮನ್ಮಥಪ್ಪ ನೋಡಲಿಲ್ಲ.

“ದಿನಾ ವಚನ ಓದುವವರು ನೀವೇ ಏನು?” ಎಂದರು ಸಾಹೇಬರು. “ಕೂತುಕೊಳ್ಳಿ. ಕಾಗದ ತೆಗೆಯಿರಿ.”

ಮನ್ಮಥಪ್ಪ ಬಸ್ತಾ ಬಿಚ್ಚಿದ. ಪಾಟಿ ಜಾರಿ ಮೇಜಿನ ಮೇಲೆ ಢಬ್ಬೆಂದಿತು. ನಿನ್ನೆ ಸಂಜೆ ಅವನೇ ಒಂದರ ಕೆಳಗೊಂದು ಐದು ಸಲ ಬರೆದ ಸಾಲು ಅದರ ಮೇಲೆ ಇನ್ನೂ ಅಳಿಯದೆ ಇತ್ತು: ಮನ್ಮಥಪ್ಪ, ಸಾಯಗಾಂವ.

ದಫ್ತರಿನಲ್ಲಿ ಯಾರೋ ಕೆಮ್ಮಿದಂತೆ ಮಾಡಿ ನಕ್ಕರು.

ಸಾಹೇಬರು ಪಾಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಅಕ್ಷರ ದುಂಡಾಗಿದೆ. ಇದು ನಿಮ್ಮ ಬರಹವೇ?”

ಹೌದು ಎಂದರೆ ಇಷ್ಟು ದಿನ ಪಾಟಿ ತಿದ್ದಿದ್ದು ಬಯಲಾಗುತ್ತದೆ. ಮನ್ಮಥಪ್ಪನ ಬಾಯಿ ಅವನನ್ನು ಕೇಳದೆಯೇ ಉತ್ತರ ಕೊಟ್ಟಿತು. “ಅಲ್ಲರಿ ಸಾಹೇಬ. ನಮ್ಮ ಮನಿಯಾಕಿದು. ಆಕಿಗಿ ನಾನೇ ಕಲಸಲತ್ತೇನಿ.”

“ಯೋಚಿಸಿ ಹೇಳಿ. ನಿಮ್ಮದೇ ಆಗಿದ್ದರೆ ಸಂಕೋಚ ಬೇಡ.”

ಫಕ್ರೋದ್ದೀನ ಹಿಂದಿನಿಂದ ಅವನ ಅಂಗಿ ಜಗ್ಗಿದ. ಮನ್ಮಥಪ್ಪ ಆ ಕೈಯನ್ನು ಕೊಡವಿಕೊಂಡ. “ಆಣಿ ಮಾಡಿ ಹೇಳ್ತೇನ್ರಿ. ಒಂದಕ್ಷರನೂ ನಂದಲ್ಲ.”

ಸಾಹೇಬರಿಗೆ ಖುಷಿಯಾಯಿತು. “ಹೆಂಡತಿಗೆ ಓದು ಕಲಿಸುವ ಗುಮಾಸ್ತರನ್ನು ನಾನು ಈ ಜಿಲ್ಲೆಯಲ್ಲಿ ಇನ್ನೂ ಕಂಡಿಲ್ಲ. ನಡೆಯಿರಿ, ನಿಮ್ಮ ಶಿಷ್ಯೆಯನ್ನು ನೋಡೋಣ.”

ಎರಡು ಓಣಿಯ ದಾರಿ. ಸಾಹೇಬರ ಹಿಂದೆ ದಫ್ತರಿಗೆ ದಫ್ತರೇ ಹೊರಟಿತು. ದಾರಿಯುದ್ದಕ್ಕೂ ಫಕ್ರೋದ್ದೀನ, “ಮನ್ಮಥಪ್ಪ ಭಾಯಿ, ಒಂದ್ ಮಾತ ಕೇಳ್ರಿ” ಎನ್ನುತ್ತಿದ್ದ. ಚೇಷ್ಟೆಗೆ ಬಂದಿದ್ದಾನೆಂದು ಮನ್ಮಥಪ್ಪ ಕಿವಿಗೊಡಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಅಂಗಳ ತುಂಬಿತ್ತು. ರುಕ್ಮಿಣಿಬಾಯಿ ಗೋಡೆಯ ಆಚೆಯಿಂದ ಈಚೆಗೆ ಯಾವಾಗ ಬಂದಳೋ, ಎಲ್ಲರಿಗಿಂತ ಮುಂದೆ ನಿಂತಿದ್ದಳು.

ಅನುಸೂಯಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಸಾಹೇಬರು ಪಾಟಿ ಮುಂದೆ ಹಿಡಿದರು. “ತಂಗೀ, ನೀನೇ ಬರೆದದ್ದಂತೆ. ಸ್ವಲ್ಪ ಓದು.”

ಅವಳು ಪಾಟಿ ನೋಡಿದಳು, ಗಂಡನನ್ನು ನೋಡಿದಳು, ಸೆರಗು ಮುಂದೆ ಎಳೆದುಕೊಂಡು ನೆಲ ನೋಡಿದಳು. ಯಾವ ಪುಸ್ತಕ ಕೊಟ್ಟಿದ್ದರೂ ನೀರು ಕುಡಿದಂತೆ ಓದುತ್ತಿದ್ದವಳಿಗೆ, ಜಗತ್ತಿನಲ್ಲಿ ಬಾಯಿಬಿಟ್ಟು ಓದಲಾಗದ ಒಂದೇ ಒಂದು ಮಾತು ಆ ಪಾಟಿಯ ಮೇಲಿತ್ತು. ಮದುವೆಯಾದ ಎಂಟು ವರ್ಷದಲ್ಲಿ ಅವಳು ಗಂಡನ ಹೆಸರನ್ನು ನಾಲಿಗೆಯ ಮೇಲೆ ತಂದವಳಲ್ಲ.

“ಓದಮ್ಮಾ.”

“ಒಲ್ಲೆರಿ,” ಎಂದಳು ಸಣ್ಣಗೆ.

ಸಾಹೇಬರ ಹುಬ್ಬು ಗಂಟಾಯಿತು. “ಬರೆದವಳಿಗೆ ಓದಲು ಬರುವುದಿಲ್ಲವೇ? ಏನು ಮನ್ಮಥಪ್ಪನವರೇ, ಇದೇ ಏನು ನಿಮ್ಮ ಪಾಠ?”

ಮನ್ಮಥಪ್ಪನ ಎಣ್ಣೆಯ ಜೊತೆ ಬೆವರೂ ಸೇರಿಕೊಂಡಿತು.

ರುಕ್ಮಿಣಿಬಾಯಿಗೆ ತಡೆಯಲಾಗಲಿಲ್ಲ. “ಸಾಹೇಬ್ರ, ಗಂಡನ ಹೆಸರ ಬರದದ್ದಿದ್ರ ಆಕಿ ಹ್ಯಾಂಗ ಓದ್ಯಾಳ್ರಿ? ಆಕಿಗಿ ಬರಲ್ಲ ಅಂತ ತಿಳೀಬ್ಯಾಡ್ರಿ. ದಿನಾ ಪಾಠ ನಡೀತದ, ಗ್ವಾಡಿ ಆಚಿ ಕಡಿ ಕುಂತು ಕೇಳಿ ಕೇಳಿ ನನಗೂ ಬಾಯಿಪಾಠ ಆಗ್ಯಾದ. ಬೇಕಾದ್ರ ಕೇಳ್ರಿ.”

ಪಾಪ, ಅವಳಿಗೆ ಬೇಕಿದ್ದದ್ದು ಅನುಸೂಯಾಳ ಮಾನ ಕಾಯುವುದು. ಕೈಕಟ್ಟಿ, ಕಣ್ಣುಮುಚ್ಚಿ, ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸತೊಡಗಿದಳು.

“ಕ, ಖ, ಗ, ಘ, ರೀ, ಎಡಗಡಿಂದ ಸುರು ಮಾಡ್ರಿ, ಇದೇನು ಉರ್ದು ಅಲ್ಲ, ಚ, ಛ, ಜ, ಎಷ್ಟ ಸಲ ಹೇಳಬೇಕ್ರಿ ನಿಮಗ, ತ, ಥ, ನಿಮ್ಮ ಹೆಸರಿನ ಮೂರನೇ ಅಕ್ಷರದ ಹೊಟ್ಟ್ಯಾಗ ಚುಕ್ಕಿ ಇಡ್ರಿ, ದ, ಧ, ನ, ಅಯ್ಯ, ಅಳಬ್ಯಾಡ್ರಿ, ನಾಳಿಗಿ ಬರ್ತದ, ಪ, ಫ, ಬ—”

ಅಂಗಳದಲ್ಲಿ ಮೊದಲು ಒಬ್ಬ ನಕ್ಕ, ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಕಷ್ಟ. ಅನುಸೂಯಾಬಾಯಿ ನಗಲಿಲ್ಲ, ಫಕ್ರೋದ್ದೀನನೂ ನಗಲಿಲ್ಲ. ಮನ್ಮಥಪ್ಪ ತನ್ನ ಅಂಗಳದ ಮಣೆಯನ್ನೇ ನೋಡುತ್ತ, ಅದರ ಕೆಳಗೆ ಹೋಗಲು ಜಾಗವಿದೆಯೇ ಎಂದು ಲೆಕ್ಕ ಹಾಕುತ್ತಿದ್ದ.

ಸಾಹೇಬರು ನಗಲೂ ಇಲ್ಲ, ಗದರಲೂ ಇಲ್ಲ. ಗಡಿಯಾರ ನೋಡಿದರು. ಬೀದರಿನ ರೈಲಿಗೆ ವೇಳೆಯಾಗಿತ್ತು. “ಒಂದಕ್ಷರವೂ ನಿಮ್ಮದಲ್ಲ ಎಂದು ಆಣೆ ಮಾಡಿದ್ದೀರಿ, ನಾನು ನಂಬಲೇಬೇಕು. ಆರು ತಿಂಗಳಿಗೆ ಮತ್ತೆ ಬರುತ್ತೇನೆ. ಅಲ್ಲಿಯವರೆಗೆ ನಿಮ್ಮ ನೌಕರಿ ಈ ತಂಗಿಯ ಕೈಯಲ್ಲಿದೆ. ಐತವಾರ ರಜೆ ಇರುತ್ತದಲ್ಲ, ಅವತ್ತು ಇಡೀ ದಿನ ಕೂತು ಕಲಿಯಿರಿ.” ಹೀಗೆಂದು ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಬರೆದಿಲ್ಲ’ ಎಂದು ಬರೆದು ಟಾಂಗಾ ಹತ್ತಿದರು.

ಎಲ್ಲರೂ ಹೋದಮೇಲೆ ಫಕ್ರೋದ್ದೀನ ಒಬ್ಬ ಉಳಿದ. ಇಬ್ಬರೂ ಕಟ್ಟೆಯ ಮೇಲೆ ಕೂತರು.

“ನೀವರೆ ಪಾಸ್ ಆದ್ರಿ?” ಎಂದು ಮನ್ಮಥಪ್ಪ ತಲೆ ಎತ್ತದೆ ಕೇಳಿದ.

“ಎಲ್ಲಾರೂ ಆದೇವ್ರಿ.”

“ಭಾಳ ಕಠಿಣ ಕೇಳಿದ್ನೇನು?”

ಫಕ್ರೋದ್ದೀನ ಗಡ್ಡ ಕೆರೆದುಕೊಂಡ. “ಅದೇ ಹೇಳಾಕ ಅಂಗಿ ಜಗ್ಗಿದೆ, ಭಾಯಿ. ಒಂದೇ ಸವಾಲು. ನಿಮ್ಮ ಹೆಸರು, ನಿಮ್ಮ ಊರು ಬರೀರಿ ಅಂದ. ಅಷ್ಟೇ.”

ಮನ್ಮಥಪ್ಪ ಟೋಪಿ ತೆಗೆದು ಕಿವಿಯ ಎಣ್ಣೆ ಒರೆಸಿಕೊಂಡ. ಕಡೆಗೆ ಒಳಗೆ ತಿರುಗಿ, “ಏ ಇಕಿ, ಆ ಪಾಟಿ ಅಳಿಸೀದೇನು?” ಎಂದ.

“ಇಲ್ಲರಿ. ನಿಮ್ಮ ಹೆಸರ ನಾ ಹ್ಯಾಂಗ ಅಳಸ್ಲಿ?” ಎಂದಳು ಅನುಸೂಯಾಬಾಯಿ.

ಸಂಜೆ ಬಾಗಿಲು ಎಂದಿನಂತೆ ಮುಚ್ಚಿತು. ಮನ್ಮಥಪ್ಪ ಗೋಡೆಗೆ ಬೆನ್ನು ತಿರುಗಿಸಿ ಕೂತು, ಯಾರಿಗೂ ಕೇಳಿಸದ ಹಾಗೆ ದನಿ ಇಳಿಸಿ ಸುರು ಮಾಡಿದ. ತ, ಥ, ದ, ಧ, ನ, ಪ, ಫ, ಭ. ಆಚೆ ಕಡೆಯಿಂದ ಯಾರೋ ಗೋಡೆಯನ್ನು ಎರಡು ಸಲ ಬಡಿದರು. ಅವನು ನಿಂತ. ಹಿಂದೆ ಹೋಗಿ ‘ಬ’ ಅಂದ.