ಮೇಸ್ತ್ರಿಗಳು ಕೂರಿಸಿದ ಕೋಷ್ಟಕ

"ಅರಮನೆಯಂಥಾ ಮನೆಗಳಿಗೆ ಟೈಲ್ಸ್ ಕೂರಿಸಿದ ಕೈ ಕಣೇ ಇದು! ನಿನ್ನ ನಾಲ್ಕು ಕಾಲಮ್ಮು ಕೂರಿಸೋಕೆ ಪ್ರೆಸ್ಸಿನವರ ಕಾಲು ಹಿಡೀಬೇಕಾ?"

ಹೀಗೆ ಗುಡುಗಿದವರು ಟೈಲ್ಸ್ ಮೇಸ್ತ್ರಿಗಳು. ಗುಡುಗನ್ನು ತಣ್ಣಗೆ ಕೇಳಿಸಿಕೊಂಡವರು ಅವರ ಹೆಂಡತಿ, ಫಿಸಿಯೋಥೆರಪಿಸ್ಟ್. ಊರಿನವರ ಸೊಂಟ, ಭುಜ, ಬೆನ್ನುಗಳನ್ನು ದಾರಿಗೆ ತರುವುದೇ ಆಕೆಯ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಡಾಕ್ಟ್ರಮ್ಮ.

ಡಾಕ್ಟ್ರಮ್ಮ ತಮ್ಮ ಅನುಭವವನ್ನೆಲ್ಲ ಬಟ್ಟಿ ಇಳಿಸಿ ಒಂದು ಕೈಪಿಡಿ ಬರೆದಿದ್ದರು. ಅದರ ಜೀವಾಳವೇ ಕೊನೆಯ ಕೋಷ್ಟಕ. ಮೊದಲ ಕಾಲಮ್ಮಿನಲ್ಲಿ ನೋವಿನ ಜಾಗ, ಅದೂ ಅಕಾರಾದಿಯಾಗಿ. ಪಕ್ಕದಲ್ಲಿ ವ್ಯಾಯಾಮ. ಆಮೇಲೆ ಎಷ್ಟು ಸಲ, ಏನು ಎಚ್ಚರಿಕೆ. ಪುಟ ತಿರುವಿದಷ್ಟೂ ಹನುಮಂತನ ಬಾಲದಂತೆ ಬೆಳೆಯುತ್ತಲೇ ಹೋಗುವ ಕೋಷ್ಟಕ!

"ರೀ, ಒಂದು ಸಾಲು ಆಚೀಚೆ ಆದ್ರೆ ಒಬ್ಬರ ಸೊಂಟ ಆಚೀಚೆ ಆಗುತ್ತೆ. ಗೊತ್ತಿರೋರು ಮಾಡ್ಲಿ ಬಿಡಿ."

"ಗೊತ್ತಿಲ್ದೇ ಇರೋಕೆ ಅದ್ರಲ್ಲೇನಿದೆ? ಚೌಕದ ಪಕ್ಕ ಚೌಕ. ನಂದೂ ಅದೇ ಕಸುಬು! ಇಲ್ಲಿ ಸಿಮೆಂಟ್ ಬೇಡ, ಅಷ್ಟೇ ವ್ಯತ್ಯಾಸ."

ಮೇಸ್ತ್ರಿಗಳು ಪುಟ ಜೋಡಿಸುವ ಸಾಫ್ಟ್‌ವೇರ್ ಹಾಕಿಸಿಕೊಂಡು ಕಂಪ್ಯೂಟರಿನ ಮುಂದೆ ಸಿಂಹಾಸನವೇರಿದಂತೆ ಕೂತರು. ಮೊದಲ ಸಾಲಿಗೇ ಮುಗ್ಗರಿಸಿದರು. "ಕುತ್ತಿಗೆ ನೋವು" ಒಂದೇ ಸಾಲಿಗೆ ಮುಗಿಯಿತು, ಅದರ ವ್ಯಾಯಾಮ ಐದಾರು ಸಾಲಿಗೂ ಮುಗಿಯಲಿಲ್ಲ. ಮುಂದಿನ ನೋವು ಬಂದು ಹಿಂದಿನ ವ್ಯಾಯಾಮದ ತೊಡೆ ಮೇಲೆ ಕೂತುಬಿಟ್ಟಿತು! ಕೆಳಗಿಳಿಸುವುದು ಹೇಗೆ? ಹುಡುಕಿದವರಿಗೆ ಎಂಟರ್ ಕೀಲಿ ಸಿಕ್ಕಿತು. ಒತ್ತಿದರೆ ಇಳಿಯುತ್ತದೆ. ಪಕ್ಕಕ್ಕೆ ತಳ್ಳಲು ಸ್ಪೇಸ್ ಬಾರ್. ಸರಿ, ಒತ್ತಿದ್ದೇ ಒತ್ತಿದ್ದು! ಸಾಲು ಮಟ್ಟವಾಗಿದೆಯೋ ಇಲ್ಲವೋ ನೋಡಲು ಕಂಪ್ಯೂಟರ್ ಪರದೆಗೆ ಅಡ್ಡಲಾಗಿ ದಾರವನ್ನೂ ಎಳೆದು ಅಂಟಿಸಿದರು.

"ಇದೇನ್ರೀ, ಕಂಪ್ಯೂಟರಿಗೆ ದಾರ ಕಟ್ಟಿದ್ದೀರಿ? ತಪ್ಪಿಸ್ಕೊಂಡು ಓಡಿಹೋಗುತ್ತಾ?"

"ನಗು, ನಗು. ಮುಗಿದ ಮೇಲೆ ನೀನೇ ಬೆರಗಾಗ್ತೀಯ!"

ಮುಗಿದಾಗ ಡಾಕ್ಟ್ರಮ್ಮ ನಿಜಕ್ಕೂ ಬೆರಗಾದರು. ಸಾಲುಗಳು ಕವಾಯತಿಗೆ ನಿಂತ ಸಿಪಾಯಿಗಳಂತಿದ್ದವು.

"ಚೆನ್ನಾಗಿದೆ ರೀ! ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗ್ಲಿ. ವಯಸ್ಸಾದೋರು ಓದ್ಬೇಕು."

"ಅಷ್ಟೇ ತಾನೇ? ಚಿಟಿಕೆ ಹೊಡೆಯೋದ್ರಲ್ಲಿ!"

ಚಿಟಿಕೆ ಹೊಡೆಯುವಷ್ಟರಲ್ಲಿ ಅಕ್ಷರಗಳು ಉಬ್ಬಿದವು. ಮೇಸ್ತ್ರಿಗಳು ಅದಕ್ಕಿಂತ ಹೆಚ್ಚು ಉಬ್ಬಿದರು. ಮತ್ತೆ ಕಣ್ಣು ಹಾಯಿಸದೆ ಪ್ರಿಂಟ್ ತೆಗೆದು, ಮೊದಲ ಪ್ರತಿಯನ್ನು ಮನೆಯಲ್ಲೇ ಇದ್ದ ಅತ್ತೆಯ ಕೈಗಿಟ್ಟರು. ಪಾಪ, ಅತ್ತೆಗೆ ಬಹಳ ದಿನದಿಂದ ಮಂಡಿ ನೋವು.

ಮರುದಿನ ಬೆಳಗ್ಗೆ ಮೇಸ್ತ್ರಿಗಳು ಪೇಪರ್ ಓದುತ್ತ ಕೂತಿದ್ದರು. ಅತ್ತೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಅಳಿಯನನ್ನು ನೆಟ್ಟ ಕಣ್ಣಿನಿಂದ ನೋಡಿದರು. ಬಾಯಿ ಅಗಲಿಸಿ ನಾಲಿಗೆಯನ್ನು ಬುಡದವರೆಗೆ ಹೊರಚಾಚಿದರು!

ಮೇಸ್ತ್ರಿಗಳು ಹಿಂತಿರುಗಿ ನೋಡಿದರು. ಗೋಡೆ ಬಿಟ್ಟರೆ ಯಾರೂ ಇಲ್ಲ. ಮುಂದೆ ತಿರುಗಿದರೆ ಮತ್ತೆ ನಾಲಿಗೆ! ಮದುವೆಯಾದ ದಿನದಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದನ್ನು ಅತ್ತೆ ಈಗ ಬಾಯಿಬಿಟ್ಟು ಹೇಳುತ್ತಿದ್ದಾರೆಯೇ? ಪೇಪರ್ ಬಿಸಾಕಿ ಅಡುಗೆಮನೆಗೆ ಓಡಿದರು.

"ನಿಮ್ಮಮ್ಮ ನನ್ನನ್ನ ಅಣಕಿಸ್ತಿದ್ದಾರೆ ಕಣೇ!"

"ಅಮ್ಮಂಗೆ ಬೇರೆ ಕೆಲ್ಸ ಇಲ್ವಾ? ನೀವೇನ್ ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ! ಸುಮ್ನೆ ಕೂತಿದ್ದೆ!"

"ಹಾಗಿದ್ರೆ ಅದಕ್ಕೇ ಇರ್ಬೇಕು."

ಸಂಜೆ ಅತ್ತೆಯನ್ನು ಕರೆತರಲು ಪಾರ್ಕಿಗೆ ಹೋದರೆ ಇನ್ನೂ ಘೋರ ದೃಶ್ಯ. ಕಲ್ಲುಬೆಂಚಿನ ನಡುವೆ ಅತ್ತೆ, ಕೈಯಲ್ಲಿ ಅದೇ ಪ್ರಿಂಟು, ನಾಲಿಗೆ ಹೊರಗೆ. ಎಡಗಡೆ ಮಣಿಕಟ್ಟು ನೋವಿನ ಗೆಳತಿ ಚಪ್ಪಲಿ ಕಳಚಿ, ನೆಲಕ್ಕೆ ಹಾಸಿದ ಟವೆಲನ್ನು ಕಾಲ್ಬೆರಳಿನಿಂದ ಮುದುರಿ ಮುದುರಿ ಎಳೆಯುತ್ತಿದ್ದಾರೆ. ಬಲಗಡೆ ಹಿಮ್ಮಡಿ ನೋವಿನಾಕೆ, ಯಾರು ಏನು ಕೇಳಿದರೂ "ನಂಗೊತ್ತಿಲ್ಲಪ್ಪ" ಅನ್ನುವವರಂತೆ, ಭುಜಗಳನ್ನು ಕಿವಿಯವರೆಗೆ ಎತ್ತಿ ಇಳಿಸುತ್ತಿದ್ದಾರೆ. ವಾಕಿಂಗ್ ಬಂದವರು ಆ ಬೆಂಚು ಕಂಡೊಡನೆ ದಾರಿ ಬದಲಿಸುತ್ತಿದ್ದಾರೆ!

"ಅತ್ತೆ! ಏನಿದು?"

ಅತ್ತೆ ನಾಲಿಗೆಯನ್ನು ಒಳಗೆ ಕರೆಸಿಕೊಂಡರು. "ನೀವೇ ಹಾಕಿದ್ದೀರಲ್ಲ ಅಳಿಯಂದಿರೇ. ಮಂಡಿ ನೋವಿಗೆ ಬಾಯಿ ಅಗಲಿಸಿ ನಾಲಿಗೆ ಚಾಚಿ, ಬಾಯಿ ಸೊಟ್ಟಗಾಗದ ಹಾಗೆ ನೋಡೋಕೆ ಎದುರಿಗೆ ಒಬ್ಬರಿದ್ರೆ ಒಳ್ಳೇದು ಅಂತ. ಬೆಳಗ್ಗೆ ನಿಮ್ಮನ್ನ ಬಿಟ್ರೆ ಯಾರೂ ಸಿಗ್ಲಿಲ್ಲ. ಮಂಡಿಗೂ ನಾಲಿಗೆಗೂ ಎಲ್ಲಿಯ ಸಂಬಂಧ ಅಂತ ನಂಗೂ ಅನ್ನಿಸ್ತು. ಆದ್ರೆ ಮಗಳು ಬರೆದಿದ್ದು, ಅಳಿಯ ಕೂರಿಸಿದ್ದು! ತಪ್ಪಾಗುತ್ತಾ?"

ಮೇಸ್ತ್ರಿಗಳು ಕಾಗದ ಕಸಿದು ನೋಡಿದರು. ನೂರಾರು ನೆಲ ಹಾಸಿದವರ ಕಾಲಡಿಯ ನೆಲವೇ ಕುಸಿಯಿತು. ಅಕ್ಷರ ಉಬ್ಬಿದಾಗ ವ್ಯಾಯಾಮದ ಕಾಲಮ್ಮು ಹಿಗ್ಗಿ ಕೆಳಕ್ಕೆ ಜಾರಿದೆ. ಒಂದೊಂದೇ ಸಾಲಿನ ಪುಟ್ಟ ನೋವುಗಳು ಇದ್ದಲ್ಲೇ ಇವೆ. ದವಡೆಯ ವ್ಯಾಯಾಮ ಜಾರಿಕೊಂಡು ಬಂದು ಮಂಡಿಯ ಮುಂದೆ ಮಂಡಿಸಿದೆ! ಪಾದದ್ದು ಮಣಿಕಟ್ಟಿಗೆ, ಭುಜದ್ದು ಹಿಮ್ಮಡಿಗೆ.

ಮನೆಯಲ್ಲಿ ಡಾಕ್ಟ್ರಮ್ಮ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕಾಗದ ಓದಿದರು. ಬೈದಿದ್ದರೆ ಮೇಸ್ತ್ರಿಗಳಿಗೆ ಎಷ್ಟೋ ಹಾಯೆನಿಸುತ್ತಿತ್ತು.

"ಇವತ್ತು ನಾಲಿಗೆ, ನಕ್ಕು ಸುಮ್ನಾಗಬಹುದು," ಎಂದರು. "ನಾಳೆ ಬೆನ್ನು ಹಿಡಿದೋರು ಯಾರದೋ ಸಾಲು ನೋಡಿ ಬಗ್ಗಿಬಿಟ್ರೆ? ನನ್ನ ನಂಬಿ ಬರೋರು ಅವ್ರು."

ಮೇಸ್ತ್ರಿಗಳ ಮುಖ ಹಿಂಡಿದ ಬಟ್ಟೆಯಂತಾಯಿತು. ಯಾರೂ ಹೇಳದಿದ್ದರೂ ತಾವೇ ಪ್ರೆಸ್ಸಿಗೆ ಫೋನ್ ಹಚ್ಚಿದರು. ಪುಟ ಜೋಡಿಸುವಾಕೆ ಆ ಕಡೆಯಿಂದ ಕೇಳಿದರು:

"ಸಾರ್, ಎಂಟರ್ ಒತ್ತಿ ಒತ್ತಿ ಕೆಳಗಿಳಿಸಿದ್ದೀರಾ?"

"ಹೂಂ."

"ಸ್ಪೇಸ್ ಒತ್ತಿ ಪಕ್ಕಕ್ಕೆ?"

"ಹೂಂ..."

"ಬೇಜಾರಾಗ್ಬೇಡಿ, ಎಲ್ರೂ ಶುರು ಮಾಡೋದೇ ಹೀಗೆ. ಈಗ ನಿಜವಾದ ಟೇಬಲ್ ಹಾಕಿ. ನೋವಿಗೊಂದು ಮನೆ, ಅದರ ಪಕ್ಕದ ಮನೆ ವ್ಯಾಯಾಮಕ್ಕೆ. ಎಲ್ಲಾ ಮನೆಗಳನ್ನೂ ಆರಿಸಿ, ಬರಹ ಮೇಲಿಂದ ಶುರುವಾಗ್ಲಿ ಅಂತ ಒಂದೇ ಸಲ ಅಪ್ಪಣೆ ಕೊಡಿ. ಒಂದು ಸಾಲು ಎರಡು ಪುಟಕ್ಕೆ ಸೀಳದ ಹಾಗೆ, ತಲೆಬರಹದ ಸಾಲು ಪ್ರತಿ ಪುಟದಲ್ಲೂ ತಾನಾಗೇ ಬರೋ ಹಾಗೆ ಗುರುತು ಹಾಕಿ. ಆಮೇಲೆ ಅಕ್ಷರ ಎಷ್ಟೇ ದಪ್ಪ ಆಗ್ಲಿ, ಮನೆ ಬೆಳೆಯುತ್ತೆ. ನೆರೆಯೋರು ಬದಲಾಗಲ್ಲ."

ನೆರೆಯೋರು ಬದಲಾಗಲ್ಲ! ಆ ಮಾತು ಮೇಸ್ತ್ರಿಗಳ ಎದೆಗೇ ನಾಟಿತು. ಕಟ್ಟಿದ್ದನ್ನೆಲ್ಲ ಕೆಡವಿ ಬುನಾದಿಯಿಂದ ಶುರುಮಾಡಿದರು. ಡಾಕ್ಟ್ರಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿ ಹೇಳಿದರು, ಇವರು ಒಂದೊಂದೇ ಮನೆ ತುಂಬಿದರು. ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ಗಂಡಹೆಂಡತಿ ಇಷ್ಟು ಹೊತ್ತು ಕೂತು ಯಾವ ಕಾಲವಾಗಿತ್ತೋ! ಎಲ್ಲ ಮುಗಿದ ಮೇಲೆ ಮೇಸ್ತ್ರಿಗಳು ಉಸಿರು ಬಿಗಿಹಿಡಿದು ಅಕ್ಷರ ದೊಡ್ಡದು ಮಾಡಿದರು. ಮನೆಗಳು ಬೆಳೆದವು. ಮಂಡಿಯ ವ್ಯಾಯಾಮ ಮಂಡಿಯ ಪಕ್ಕದಲ್ಲೇ ಇತ್ತು!

ಈ ಸಲ ಅತ್ತೆ ಕುರ್ಚಿಯಲ್ಲಿ ಕೂತು ಕಾಲು ಚಾಚಿ ಮಡಿಸುವ ಸರಿಯಾದ ವ್ಯಾಯಾಮವನ್ನೇ ಮಾಡಿದರು. ಪುಸ್ತಕ ಅಚ್ಚಾಗಿ ಬರುವ ಹೊತ್ತಿಗೆ ಪಾರ್ಕಿನ ಮೆಟ್ಟಿಲನ್ನು ಕಂಬಿ ಹಿಡಿಯದೇ ಹತ್ತುತ್ತಿದ್ದರು. ಡಾಕ್ಟ್ರಮ್ಮ ಹೊಸ ಪುಸ್ತಕವನ್ನು ಪುಟ ಪುಟವಾಗಿ ತಿರುವಿ ನೋಡಿ, ಗಂಡನ ಕಡೆ ತಿರುಗಿದರು.

"ಮುಂದಿನ ಪುಸ್ತಕಾನೂ ನೀವೇ ಕೂರಿಸ್ಬೇಕು ರೀ."

ಮೇಸ್ತ್ರಿಗಳು ಹೆಮ್ಮೆಯಿಂದ ತಲೆಯೆತ್ತಲು ಹೋದರು. ತಲೆ ಏಳಲಿಲ್ಲ! ಅಷ್ಟು ದಿನ ಪರದೆಯ ಮುಂದೆ ಬಗ್ಗಿ ಬಗ್ಗಿ ಬಿಗಿದಿದ್ದ ಕುತ್ತಿಗೆ, ಎಡಭುಜದ ಮೇಲೆ ವಾಲಿ ಅಲ್ಲೇ ಠಿಕಾಣಿ ಹೂಡಿತು.

"ಅಯ್ಯಯ್ಯೋ, ಹಿಡ್ಕೊಂಡ್ತು ಕಣೇ!"

ಡಾಕ್ಟ್ರಮ್ಮ ಕೋಷ್ಟಕ ತೆಗೆದರು. "ಕುತ್ತಿಗೆ... ಹಾಂ. ನೆಟ್ಟಗೆ ಕೂತು, ಗಲ್ಲ ಮೆಲ್ಲಗೆ ಒಳಕ್ಕೆ ಎಳೆದು..."

"ತಾಳು, ತಾಳು!" ಮೇಸ್ತ್ರಿಗಳು ವಾರೆ ತಲೆಯಲ್ಲೇ ಕಿರುಚಿದರು. "ಬೆರಳಿಟ್ಟು ಓದು! ಅದೇ ಸಾಲು ತಾನೇ? ಕೋಷ್ಟಕ ನೆಟ್ಟಗಿದೆಯೇನೇ?"

"ಕೋಷ್ಟಕ ನೆಟ್ಟಗೇ ಇದೆ ರೀ," ಡಾಕ್ಟ್ರಮ್ಮ ನಗು ತಡೆದುಕೊಂಡು ಅವರ ಗಲ್ಲಕ್ಕೆ ಕೈಹಚ್ಚಿದರು. "ಇನ್ನು ನೆಟ್ಟಗಾಗ್ಬೇಕಿರೋದು ನಿಮ್ಮ ತಲೆ ಒಂದೇ!"