ಏಳು ದಿನಕ್ಕ ಇಪ್ಪತ್ತೊಂದು ರೊಟ್ಟಿ

ಊಟಕ್ಕ ಕುಂತಾಗ ನನಗ ಏನರ ಒಂದು ಗ್ರಹಚಾರ ವಕ್ರಿಸದ ಇದ್ದ ದಿನಾನ ಇಲ್ರಿ. ಊರಾಗೂ ಆಗ್ಯಾವ, ಕುವೈತಿನಾಗೂ ಆಗ್ಯಾವ. ಆದ್ರ ಚೀನಾದಾಗ ಆದದ್ದು ನೆನಪಾದ್ರ ಇವತ್ತಿಗೂ ಎದ್ದು ಹೋಗಿ ಇನ್ನೊಂದು ರೊಟ್ಟಿ ತಿಂತೀನಿ.

ನಾ ಬಾಗಲಕೋಟಿ ಕಡೆಯವ, ತತ್ತಿನೂ ಮುಟ್ಟದವ. ಇರೋದು ಕುವೈತಿನ ಫರ್ವಾನಿಯಾದಾಗ. ಕೆಲಸ, ರಿಫೈನರಿಗಳಿಗೆ ವಾಲ್ವ್ ತರಿಸಿಕೊಡೋ ಒಂದು ಕಂಪನಿಯೊಳಗ. ಒಂದಿನ ನಮ್ಮ ಮುದೀರ್ ಕರದ. ಮುದೀರ್ ಅಂದ್ರ ಮ್ಯಾನೇಜರ್, ಕುವೈತಿ ಮನಷ್ಯಾ. "ಯಾ ಮುಹಂದಿಸ್, ವಾಲ್ವ್ ನೋಡಾಕ ಚೀನಾಕ್ಕ ಹೋಗೋಣು. ನಾನು, ನೀನು, ಏಳು ದಿನ. ಯಲ್ಲಾ, ನಡಿ" ಅಂದ. ಮುಹಂದಿಸ್ ಅಂದ್ರ ಇಂಜಿನಿಯರ್. ಇಷ್ಟು ವರ್ಷದಾಗ ಅಂವ ನನ್ನ ಹೆಸರು ಹಿಡದು ಕರದಾವ ಅಲ್ಲ. ಅಂವ ಆಡೋದು ಅರ್ಧ ಇಂಗ್ಲಿಷ್, ಅರ್ಧ ಹಿಂದಿ. ನಾ ನಮ್ಮ ಭಾಷೆದಾಗ ಹೇಳ್ತೀನಿ, ಅಷ್ಟ.

ಮನ್ಯಾಗ ಸುದ್ದಿ ಹೇಳಿದ ಕೂಡಲೇ ಹೆಂಡತಿ ಜ್ವಾಳದ ಹಿಟ್ಟು ತಗದ್ಳು. ಇಪ್ಪತ್ತೊಂದು ಕಡಕ್ ರೊಟ್ಟಿ ಬಡದು, ಶೇಂಗಾ ಚಟ್ನಿ ಜೋಡಿ ಸ್ಟೀಲ್ ಡಬ್ಬ್ಯಾಗ ಇಟ್ಳು. ಆ ಡಬ್ಬಿ ನಮ್ಮ ಅತ್ತಿ ಲಗ್ನದಾಗ ಕೊಟ್ಟದ್ದು. ಮುಚ್ಚಳದ ಮ್ಯಾಲ ಅತ್ತಿ ಹೆಸರು ಚುಕ್ಕಿ ಚುಕ್ಕಿ ಹೊಡದು ಬರಸ್ಯಾರ.

"ದಿನಕ್ಕ ಮೂರು. ನಾಲ್ಕನೇದಕ್ಕ ಕೈ ಹಾಕಿದ್ರಿ ಅಂದ್ರ ಕಡೀ ದಿನ ಉಪವಾಸ. ಮತ್ತ ಡಬ್ಬಿ ಹುಷಾರ್ ರೀ" ಅಂದ್ಳು.

ನಾ ಡಬ್ಬಿ ಸುದ್ದಿ ಕಿವಿಮ್ಯಾಲ ಹಾಕ್ಕೊಳ್ಳಲಿಲ್ಲ.

೧. ತಿರುಗೋ ಟೇಬಲ್

ನಾವು ಹೋದ ಚೀನಾದ ಊರು ನದಿ ದಂಡಿಮ್ಯಾಲ ಐತಿ, ತುಂಬ ಫ್ಯಾಕ್ಟರಿ. ಮೊದಲನೇ ದಿನಾನ ಫ್ಯಾಕ್ಟರಿ ಮಾಲಕ ಊಟಕ್ಕ ಕರದ. ಅಂವಗ ಚೀನೀ ಬಿಟ್ರ ಬ್ಯಾರೆ ಭಾಷೆ ಬರೂದಿಲ್ಲ. ಇಂಗ್ಲಿಷ್ ಬರೋ ಒಬ್ಬಾಕಿ ಹುಡುಗಿನ್ನ ನಮ್ಮ ಜೋಡಿ ಬಿಟ್ಟಿದ್ದ. ದೊಡ್ಡ ದುಂಡನೆ ಟೇಬಲ್, ನಡುವ ಗಾಜಿನ ಹಲಗಿ ತಿರಗತಿತ್ತು. ಅದರ ಮ್ಯಾಲಿಂದ ಒಂದೊಂದ ತಾಟು ನನ್ನ ಮುಂದ ಬಂದು, ಕಣ್ಣು ಬಿಟ್ಟು ನನ್ನ ನೋಡಿ ಮುಂದ ಹೋಗತಿತ್ತು. ಖರೇನ ಕಣ್ಣು ಇದ್ವು.

ಕಡೀಕ ಹಸರ ಸೊಪ್ಪಿನ ಪಲ್ಯೆ ಬಂತು. ಜೀವ ಬಂದಂಗಾತು. ಮುದೀರನೂ ಹಲಾಲ್ ಹೌದೋ ಅಲ್ಲೋ ಅಂತ ಏನೂ ಮುಟ್ಟದ ಕುಂತಿದ್ದ. ಇಬ್ಬರೂ ಒಮ್ಮೆಲೆ ಕೈ ಚಾಚಿದ್ವಿ. ಆದ್ರೂ ಒಂದು ಮಾತು ಕೇಳಿಬಿಡೂಣು ಅಂತ ಹುಡುಗಿಗೆ ಕೇಳಿದೆ, "ಇದರಾಗ ಮಾಂಸ ಇಲ್ಲ ಹೌದಲ್ಲ?"

"ಇಲ್ಲ, ಮಾಂಸ ಏನೂ ಇಲ್ಲ" ಅಂದ್ಳು. "ರುಚಿಗೆ ಒಂಚೂರು ಹಂದಿ ಹಾಕ್ಯಾರ, ಅಷ್ಟ."

ಮುದೀರ್ ಕೈಯಾಗಿನ ಊಟದ ಕಡ್ಡಿ ಕೆಳಗ ಬಿದ್ವು. ಅವತ್ತ ರೂಮಿಗೆ ಹೋಗಿ ನಾಲ್ಕು ರೊಟ್ಟಿ ತಿಂದೆ. ಉಳದದ್ದು ಹದಿನೇಳು.

೨. ತೊಳದ ತಾಟು

ಮರುದಿನ ಮಧ್ಯಾಹ್ನ ಆ ಹುಡುಗಿನ ಅಡಗಿಯವ್ರ ಹತ್ರ ನಿಂತು ನನಗಂತ ಬಿಳೇ ಅನ್ನ, ಎಣ್ಯಾಗ ಹುರದ ಕ್ಯಾಬೀಜ್ ಮಾಡಿಸಿದ್ಳು. ದೇವರು ಕಣ್ಣು ಬಿಟ್ಟ ಅನ್ಕೊಂಡು ಉಂಡೆ.

ನಮ್ಮ ಮನ್ಯಾಗ ತಾಟಿನಾಗ ಒಂದು ಅಗಳು ಬಿಡಂಗಿಲ್ಲ. ಉಂಡಾದ ಮ್ಯಾಲ ತಾಟಿಗೆ ನೀರು ಹಾಕಿ, ತೊಳದು, ಆ ನೀರು ಕುಡೀಬೇಕು. ಸಣ್ಣಾಂವ ಇದ್ದಾಗ ನಮ್ಮ ಆಯಿ ಎದುರಿಗೆ ಕುಂತು ಕಲಿಸಿದ್ದು. ಕೈ ತಾನ ಮಾಡತೈತಿ. ಬಟ್ಟಲ ತೊಳದು ಕುಡದು ಕೆಳಗ ಇಟ್ಟೆ.

ಮಾಲಕನ ಮುಖ ಸಪ್ಪಗಾತು. ಇನ್ನೊಂದು ಬಟ್ಟಲ ಅನ್ನ ತರಿಸಿ ಇಟ್ಟ. ಬ್ಯಾಡಾಗಿತ್ತು, ಆದ್ರ ಮುಂದ ಇಟ್ಟ ಅನ್ನ ಬಿಡೂದು ಹ್ಯಾಂಗ. ಉಂಡೆ, ತೊಳದೆ, ಕುಡದೆ. ಮತ್ತೊಂದು ಬಂತು. ನಾಲ್ಕನೇ ಬಟ್ಟಲಕ್ಕ ಪ್ಯಾಂಟಿನ ಹುಕ್ಕು ಬಿಚ್ಚಿದೆ. ಐದನೇದಕ್ಕ ಕಣ್ಣಾಗ ನೀರು ಬಂತು. ಮುದೀರ್ ಮಗ್ಗಲಕ್ಕ ಕುಂತು "ಖಲಾಸ್, ಸಾಕು ಮಾಡು, ಸ್ವಲ್ಪ ಬಿಡೋ ಮಾರಾಯಾ" ಅಂತಾನ. "ಬಿಟ್ರ ಪಾಪ ಬರತೈತಿ ಸರ್" ಅಂತೀನಿ ನಾನು.

ಬಟ್ಟಲ ಬರಿದಾತು ಅಂದ್ರ ಊಟಕ್ಕ ಬಂದ ಪಾಹುಣ್ಯಾರಿಗೆ ಹೊಟ್ಟಿ ತುಂಬಿಲ್ಲ ಅಂತ ಅವ್ರ ಲೆಕ್ಕ. ಒಂದು ತುತ್ತು ಬಿಟ್ಟಿದ್ರ ಮುಗೀತಿತ್ತು. ಅದು ನನಗ ತಿಳದದ್ದು ಆರನೇ ಬಟ್ಟಲ ಬಂದಾಗ. ಹುಡುಗಿ ನಾಚಿಕೊಂತ ಮುದೀರಗ ಅಂದ್ಳು, "ನಮ್ಮ ಮಾಲಕರು ಕೇಳಾಕತ್ತಾರ. ಕುವೈತಿನಾಗ ಇವರಿಗೆ ನೀವು ಊಟ ಕೊಡಂಗಿಲ್ಲೇನು ಅಂತ."

ಮುದೀರ್ ನನ್ನ ಕಡೆ ಹೊಳ್ಳಿ ನೋಡಿದ. ನನ್ನ ಇಕಾಮಾ, ಅಂದ್ರ ಕುವೈತಿನಾಗ ಇರೋ ಪರವಾನಗಿ, ಅಲ್ಲೇ ಕ್ಯಾನ್ಸಲ್ ಆತು ಅನ್ಕೊಂಡೆ.

೩. ನಡುಗಡ್ಡಿ

ಅವತ್ತಿಂದ ಅನ್ನ ಕಂಡ್ರ ವಾಕರಿಕಿ. ಇನ್ನ ರೊಟ್ಟಿನ ಗತಿ. ಮೂರನೇ ದಿನ ಫ್ಯಾಕ್ಟರಿ ಸೂಟಿ. ಹುಡುಗಿ ನಮ್ಮನ್ನ ಊರು ತೋರಸಾಕ ಕರಕೊಂಡ ಹೋದ್ಳು. ನದಿ ನಡುವ ಒಂದು ನಡುಗಡ್ಡಿ, ಅದರಾಗ ಹಳೇ ಕಾಲದ ಎರಡು ಗೋಪುರ. ದೋಣ್ಯಾಗ ಹೋಗಿ, ಗೋಪುರ ಸುತ್ತಿ, ಬಾಕಿನ ಮ್ಯಾಲ ಕುಂತ್ವಿ. ಹುಡುಗಿ ಇತಿಹಾಸ ಹೇಳತಿದ್ಳು. ನನಗ ಒಂದು ಅಕ್ಷರ ಕೇಳಸಲಿಲ್ಲ, ತೊಡಿಮ್ಯಾಲ ಡಬ್ಬಿ ಇತ್ತು.

ಮುಚ್ಚಳ ತಗದೆ. ಮುದೀರ್ ಬಗ್ಗಿ ನೋಡಿದ. ಮೂರು ದಿನದಾಗ ಅಂವ ತಿಂದದ್ದು ಬಾಳೆಹಣ್ಣು, ಬಿಸ್ಕೀಟು.

"ಏನಿದು?"

"ರೊಟ್ಟಿ ಸರ್."

"ಇದರಾಗ ಯಾವ ಪ್ರಾಣಿನೂ ಇಲ್ಲಲ್ಲ?"

"ಜ್ವಾಳ ಒಂದ ಐತಿ."

ಒಂದು ಮುರದು ಬಾಯಾಗ ಹಾಕ್ಕೊಂಡ. ಕರುಂ ಅಂತು. ಯಾವತ್ತೂ ಗದರೋ ಮನಷ್ಯಾ ಒಮ್ಮೆಲೆ ಮೆತ್ತಗಾದ. "ನಮ್ಮ ಅಜ್ಜಿ ರ್‌ಗಾಗ್ ಅಂತ ರೊಟ್ಟಿ ಮಾಡತಿದ್ಳು, ಹಿಂಗ ತೆಳ್ಳಗ, ಹಿಂಗ ಗರಿಗರಿ" ಅಂದ. ಕಣ್ಣು ಒದ್ದಿ ಆಗಿದ್ವು. ಅಜ್ಜಿನ್ನ ನೆನಸಿಕೊಂಡು ಅಳೋ ಮನಷ್ಯಾನ ಕೈಯಿಂದ ರೊಟ್ಟಿ ಹ್ಯಾಂಗ ಕಸಗೊಳ್ಳಲಿ? ಅಂವ ಅಜ್ಜಿ ಮನಿ ಹೇಳಿದ, ಅಜ್ಜಿ ಒಲಿ ಹೇಳಿದ, ಅಜ್ಜಿ ಸತ್ತದ್ದೂ ಹೇಳಿದ. ನಾ ಎರಡು ತಿನ್ನೂದ್ರೊಳಗ ಅಂವ ಒಂಬತ್ತು ಮುಗಿಸಿದ.

ಆ ಅಜ್ಜಿಗೆ ಇನ್ನೊಂದಿಷ್ಟು ಆಯುಷ್ಯ ಇದ್ದಿದ್ರ ನನ್ನ ಡಬ್ಬಿ ಪೂರಾ ಬರಿದಾಗತಿತ್ತು. ಉಳದದ್ದು ಆರು.

೪. ಗಾಜಿನ ಕಪಾಟು

ನಾಲ್ಕನೇ ದಿನ ಮುಂಜಾನೆ ಮಾಲಕ ತನ್ನ ಆಫೀಸಿಗೆ ಕರದು ನಮಗ ಒಂದೊಂದು ಚಹಾ ಡಬ್ಬಿ ಕಾಣಿಕಿ ಕೊಟ್ಟ, ಎರಡೂ ಕೈಲೆ, ಬಗ್ಗಿ. ಮುದೀರ್ ಮುಖ ಕೆಂಪಾತು. ಕುವೈತಿ ಮನಷ್ಯಾ, ತಗೊಂಡು ಸುಮ್ನ ಕುಂಡರಾವ ಅಲ್ಲ. ಕೊಡಾಕಂತ ತರಬೇಕಿದ್ದ ಖರ್ಜೂರ ಮನ್ಯಾಗ ಮರತಿದ್ದ. ಅತ್ತಾಗ ಇತ್ತಾಗ ನೋಡಿದ. ನನ್ನ ತೊಡಿಮ್ಯಾಲಿನ ರೊಟ್ಟಿ ಡಬ್ಬಿ ನೋಡಿದ. ನಾ "ಸರ್" ಅನ್ನೂದ್ರೊಳಗ ಡಬ್ಬಿ ಎತ್ತಿ, ಎರಡೂ ಕೈಲೆ, ಬಗ್ಗಿ, ಕೊಟ್ಟಬಿಟ್ಟ.

"ಕುವೈತಿನ ಹಳೇ ರೊಟ್ಟಿ" ಅಂದ.

ಮಾಲಕ ಮುಚ್ಚಳದ ಮ್ಯಾಲಿನ ಬರಹಕ್ಕ ಬೆರಳಿಟ್ಟು ಏನಿದು ಅಂತ ಕೇಳಿಸಿದ. ಮುದೀರ್ ಕನ್ನಡ ಅಕ್ಷರ ದಿಟ್ಟಿಸಿ ನೋಡಿ, "ಕುವೈತ್ ಅಂತ ಬರದೈತಿ" ಅಂದ. ನಮ್ಮ ಅತ್ತಿ ಒಂದ ಮಿನಿಟಿನಾಗ ದೇಶ ಆದ್ಳು.

ಮಾಲಕ ತಿಂತಾನ ಅನ್ಕೊಂಡಿದ್ದೆ. ತಿಂದಿದ್ರ ಅಷ್ಟಕ್ಕ ಮುಗೀತಿತ್ತು. ಅಂವ ಗಾಜಿನ ಕಪಾಟು ತಗದು, ಬ್ಯಾರೆ ದೇಶದವ್ರು ಕೊಟ್ಟ ಗೊಂಬಿ, ಗಡಿಯಾರದ ನಡುವ ಡಬ್ಬಿ ಇಟ್ಟು, ಮುಚ್ಚಳ ಓರೆ ಮಾಡಿ, ರೊಟ್ಟಿ ಕಾಣೂ ಹಂಗ ಮಾಡಿ, ಕೀಲಿ ಹಾಕಿದ.

ಮುಂದ ಎರಡು ದಿನ ಆ ಕಪಾಟಿನ ಎದುರಿಗೇ ಕುಂತು ವಾಲ್ವಿನ ಕಾಗದಪತ್ರ ನೋಡಿದೆ. ತಿಂದದ್ದು ಸೌತಿಕಾಯಿ. ತಲಿ ಎತ್ತಿದ್ರ ಆರು ರೊಟ್ಟಿ ಕಾಣತಿದ್ವು. ಹೆಂಡತಿ ಕೈ ನೆನಪಾಗತಿತ್ತು. ಖರೇ ಹೇಳ್ತೀನಿ, ಅಳು ಬರತಿತ್ತು.

ಆರನೇ ದಿನ ಮುದೀರ್ ಮೆಲ್ಲಕ ನನ್ನ ಮಗ್ಗಲಕ್ಕ ಬಂದು ನಿಂತ. ಅಂವನೂ ಕಪಾಟು ನೋಡಾಕತ್ತಿದ್ದ.

"ಯಾ ಮುಹಂದಿಸ್, ಕೀಲಿ ಯಾರ ಹತ್ರ ಐತಿ?"

ಹುಡುಗಿಗೆ ಗುಟ್ಟಾಗಿ ಕೇಳಿದೆ. ಆಕಿ ಸೀದಾ ಹೋಗಿ ಮಾಲಕಗ ಕೇಳಿದ್ಳು. ಮಾಲಕ ಓಡಿ ಬಂದು ನನ್ನ ಕೈ ಹಿಡಕೊಂಡು ಭಾಳೊತ್ತು ಏನೋ ಹೇಳಿದ. ಕಣ್ಣಾಗ ಭಕ್ತಿ ಇತ್ತು.

"ಏನಂತ?" ಅಂದೆ.

"ನಿಮಗ ಚಿಂತಿ ಬ್ಯಾಡ ಅಂತ. ಅದನ್ನ ಯಾರೂ ಮುಟ್ಟೂದಿಲ್ಲ. ಇವತ್ತ ಇನ್ನೊಂದು ಕೀಲಿ ಹಾಕಸ್ತಾರಂತ."

ಫರ್ವಾನಿಯಾಕ್ಕ ಬಂದು ಬಾಗಲಾ ಬಡದೆ. ಪ್ಯಾಂಟು ಸೊಂಟದಾಗ ನಿಲ್ಲತಿರಲಿಲ್ಲ. ಹೆಂಡತಿ ನನ್ನ ನೋಡಲಿಲ್ಲ, ಚೀಲ ನೋಡಿದ್ಳು.

"ಡಬ್ಬಿ ಎಲ್ಲಿ?"

ಕುಂತು ಎಲ್ಲಾ ಹೇಳಿದೆ. ಹಂದಿ ಹೇಳಿದೆ, ಆರು ಬಟ್ಟಲ ಅನ್ನ ಹೇಳಿದೆ, ಅಜ್ಜಿ ಹೇಳಿದೆ, ಎರಡು ಕೀಲಿ ಹೇಳಿದೆ. ನಿಮ್ಮವ್ವನ ಹೆಸರು ಚೀನಾದಾಗ ಗಾಜಿನ ಕಪಾಟಿನಾಗ ಐತಿ ಅಂತ ದೊಡ್ಡದಾಗಿ ಹೇಳಿದೆ. ಆಕಿ ಪೂರಾ ಕೇಳಿದ್ಳು. ನನ್ನ ಮುಂದ ಇಡಾಕ ತಂದಿದ್ದ ತಾಟು ಹೊಳ್ಳಿ ಒಳಗ ಇಟ್ಳು.

"ಹಂಗಾರ ಮತ್ತ ಹೋಗಿ ತಗೊಂಡ ಬರ್ರಿ" ಅಂದ್ಳು.