ಬಂಬದ ನೆತ್ತಿಯ ಮೇಲೆ ಕ್ರಿಸ್‌ಮಸ್ ಮರ

ನನಗೆ ಸಿಟ್ಟು ಬಂದದ್ದು ಯಾರಿಗೂ ತಿಳಿಯುವುದಿಲ್ಲ ಎಂಬುದೇ ನನ್ನ ಅರ್ಧ ಸಿಟ್ಟಿಗೆ ಕಾರಣ. ಕೆಲವರು ಹುಬ್ಬು ಗಂಟಿಕ್ಕಿದರೆ ಸಾಕು, ಮನೆಯೆಲ್ಲ ತೆಪ್ಪಗಾಗುತ್ತದೆ. ನಾನು ಕೆಂಡಾಮಂಡಲವಾಗಿ ಕೂತರೂ ನನ್ನ ಹೆಂಡತಿ ಪದ್ಮಾ, "ಯಾಕ್ರೀ, ಹೊಟ್ಟಿ ಸರಿ ಇಲ್ಲೇನು?" ಎಂದು ಅಜವಾನದ ಡಬ್ಬಿ ಹಿಡಿದು ಬರುತ್ತಾಳೆ. ಇಂಥ ಮುಖ ಇಟ್ಟುಕೊಂಡು ಕಳೆದ ಡಿಸೆಂಬರಿನಲ್ಲಿ ನಾನೊಂದು ಚಳವಳಿ ಹೂಡಿದೆ. ದೇಶಕ್ಕಾಗಿ ಅಲ್ಲ, ನನ್ನ ಸ್ನಾನದ ನೀರಿಗಾಗಿ.

ತಳೇಗಾಂವದ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ಸ್ ಗುಮಾಸ್ತ. ಬಾಗಲಕೋಟೆಯಿಂದ ಬಂದ ಹೊಸದರಲ್ಲಿ ಹೊಲಗಳ ನಡುವಿನ ಒಂದು ಹಳೆಯ ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದವನು ಇಪ್ಪತ್ತು ವರ್ಷವಾದರೂ ಬಿಟ್ಟಿಲ್ಲ. ಇಂಗ್ಲಿಷರ ಕಾಲದಲ್ಲಿ ಯಾರೋ ಸಾಹೇಬ ಕಟ್ಟಿಸಿದ್ದು. ಆಮೇಲೆ ಈಗಿನ ಮಾಲೀಕರ ಅಜ್ಜ ಕೊಂಡರಂತೆ. ಅವರು ಕ್ರೈಸ್ತರು. ಪ್ರತಿ ಕ್ರಿಸ್‌ಮಸ್ಸಿಗೆ ಮುಂಬಾಗಿಲಿಗೆ ಒಂದು ಕಾಗದದ ನಕ್ಷತ್ರ ತೂಗುಹಾಕಿ, ನಮಗೆ ಒಂದು ತಟ್ಟೆ ಕರಂಜಿ ಎಂಬ ಸಿಹಿ ಕರಿಗಡುಬು, ಕೇಕು ಕಳಿಸಿದರೆ ಹಬ್ಬ ಮುಗಿಯುತ್ತಿತ್ತು. ಆ ಮನೆಯನ್ನು ನಾನು ಬಿಡದಿರಲು ಕಾರಣ ಕಟ್ಟಿಗೆ ಉರಿಸಲು ಅನುಕೂಲವಿರುವ ಅದರ ಬಚ್ಚಲು. ಅಲ್ಲಿ ನನ್ನ ತಾಯಿ ಕೊಟ್ಟ ತಾಮ್ರದ ಬಂಬವಿದೆ. ಹೊಟ್ಟೆಯ ತುಂಬ ನೀರು, ನಡುವೆ ಹೊಗೆ ಹೋಗುವ ಕೊಳವೆ, ಬುಡದಲ್ಲಿ ಬೆಂಕಿ, ಪಕ್ಕದಲ್ಲಿ ನಲ್ಲಿ. ಡಿಸೆಂಬರಿನ ಚಳಿಯಲ್ಲಿ ಎರಡು ಕಟ್ಟಿಗೆ ತುಂಡು ಒಡ್ಡಿ, ನೀರು ಗುಳುಗುಳು ಅನ್ನುವುದನ್ನು ಕೇಳುತ್ತ ಕೂತು, ಬಳಿಕ ಹೊಗೆವಾಸನೆಯ ಬಿಸಿನೀರನ್ನು ನೆತ್ತಿಯ ಮೇಲೆ ಸುರಿದುಕೊಂಡರೆ, ಮೇಲಧಿಕಾರಿಯ ಮೋರೆಯನ್ನು ಇಡೀ ದಿನ ಸಹಿಸುವ ಶಕ್ತಿ ಬರುತ್ತದೆ. ನನ್ನ ಜೀವನದಲ್ಲಿ ಬೇರೆ ಐಷಾರಾಮ ಇಲ್ಲ.

ಕಳೆದ ವರ್ಷ ಮಾಲೀಕರ ಸೊಸೆ ಲೀನಾ ಮುಂಬಯಿಯಿಂದ ಬಂದಳು. ಒಳ್ಳೆಯ ಹುಡುಗಿ, ಆ ಮಾತು ಬೇರೆ. ಈ ಸಲ ಮುಂಭಾಗದಲ್ಲಿ ಅತಿಥಿಗಳನ್ನು ಇಳಿಸಿ, ನೂರು ವರ್ಷದ ಹಿಂದೆ ಈ ಮನೆಯಲ್ಲಿ ಕ್ರಿಸ್‌ಮಸ್ ಹೇಗಿತ್ತೋ ಹಾಗೆಯೇ ಮಾಡಿ ತೋರಿಸುತ್ತೇನೆ ಎಂದಳು. "ಎಲ್ಲವೂ ಪೀರಿಯಡ್ ಸ್ಟೈಲ್, ಕಾಕಾ" ಎಂದು ವಿವರಿಸಿದಳು. ಮಾಡವ್ವ ತಾಯಿ ಎಂದೆ. ಮರುದಿನ ಪ್ಲಾಸ್ಟಿಕ್ ಕುರ್ಚಿಗಳು ಅಟ್ಟ ಸೇರಿದವು. ಅದರ ಮರುದಿನ ಹಿತ್ತಿಲ ಹಗ್ಗದಿಂದ ನನ್ನ ಬನಿಯನ್ನುಗಳು ಮಾಯವಾದವು. ಅವು ಆ ಕಾಲಕ್ಕೆ ಹೊಂದುವುದಿಲ್ಲವಂತೆ! ಆ ಕಾಲದವರು ಮೈಗೆ ಏನೂ ಹಾಕುತ್ತಿರಲಿಲ್ಲವೇ ಎಂದು ಕೇಳಬೇಕೆಂದಿದ್ದೆ. ಮೂರನೆಯ ದಿನ ಅವಳು ಪದ್ಮಾಳ ಹತ್ತಿರ ಕೊತ್ತಂಬರಿ ಕೇಳಲು ಬಂದವಳು ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟಳು.

"ಕಾಕಾ, ಇದು ಅಸಲಿ ಹಳೆಯದು! ನಾಲ್ಕೇ ದಿನ ಕೊಡಿ. ಕ್ರಿಸ್‌ಮಸ್ ಮರವನ್ನು ಇದರಲ್ಲೇ ನಿಲ್ಲಿಸುತ್ತೇನೆ."

ನಾನು ಇಲ್ಲ ಎನ್ನಲು ಶಬ್ದ ಹುಡುಕುತ್ತಿದ್ದಾಗಲೇ ಪದ್ಮಾ, "ತಗೊಂಡು ಹೋಗವಾ, ಅದರಾಗೇನದ" ಎಂದುಬಿಟ್ಟಳು. ನಾನು ಕಣ್ಣು ಬಿಟ್ಟಿದ್ದನ್ನು ನೋಡಿ, "ಪಾಪ, ಮೊದಲನೇ ಸಲ ಮಂದಿನ್ನ ಕರೀಲಿಕ್ಕತ್ತಾಳ. ನಾಕ ದಿನ ಗ್ಯಾಸಿನ ಮ್ಯಾಲ ನೀರ ಕಾಸಿಕೊಡ್ತೀನಿ ತಗೋರಿ" ಎಂದಳು. ಗ್ಯಾಸಿನ ಮೇಲೆ! ಕಾಲು ಬಕೆಟ್ ಉಗುರುಬೆಚ್ಚಗಿನ ನೀರು! ಇಪ್ಪತ್ತು ವರ್ಷದಲ್ಲಿ ನನಗಾಗಿ ಒಮ್ಮೆಯೂ ಉಜ್ಜದ ಆ ಬಂಬವನ್ನು ನನ್ನ ಹೆಂಡತಿ ಹುಣಸೆಹಣ್ಣು ಹಚ್ಚಿ, ಸೆರಗು ಕಟ್ಟಿ ಕೂತು, ಮುಖ ಕಾಣುವಂತೆ ತಿಕ್ಕಿಕೊಟ್ಟಳು. ಸಂಜೆ ಹೋಗಿ ನೋಡುತ್ತೇನೆ, ಮುಂದಿನ ಪಡಸಾಲೆಯಲ್ಲಿ ನನ್ನ ಬಂಬದ ಹೊಟ್ಟೆಗೆ ಕೆಂಪು ರಿಬ್ಬನ್ನು, ಹೊಗೆ ಕೊಳವೆಯೊಳಗೆ ಸರ್ವೆ ಮರದ ಟೊಂಗೆ, ಟೊಂಗೆಯ ತುಂಬ ಒಣಗಿಸಿದ ಕಿತ್ತಳೆ ಹಣ್ಣಿನ ಬಿಲ್ಲೆಗಳು. ನಲ್ಲಿಗೂ ಒಂದು ಗಂಟೆ ಕಟ್ಟಿದ್ದರು. ನನ್ನ ಹೊಟ್ಟೆ ಉರಿಯಿತು. ಉಪಯೋಗದಲ್ಲಿರುವ ವಸ್ತುವನ್ನು ಕಿತ್ತು ತಂದು ಉಪಯೋಗಕ್ಕೆ ಬಾರದಂತೆ ಮಾಡಿ ನಿಲ್ಲಿಸಿದರೆ ಅದು ಆ ಕಾಲದ ಶೈಲಿಯಂತೆ! ಆ ಕಾಲದವರು ಸ್ನಾನವನ್ನೇ ಮಾಡುತ್ತಿರಲಿಲ್ಲವೇ? ಇನ್ನೂ ಉರಿ ಏರಿಸಿದ್ದೆಂದರೆ, ಅತಿಥಿಗಳ ಬಚ್ಚಲಲ್ಲಿ ಬೆತ್ತದ ಪರದೆಯ ಹಿಂದೆ ಅಡಗಿಸಿಟ್ಟಿದ್ದ ಹೊಚ್ಚಹೊಸ ಗೀಸರು.

ಬಂಬ ಮರಳಿ ಬರುವವರೆಗೆ ಸ್ನಾನ ಮಾಡುವುದಿಲ್ಲ ಎಂದು ಆ ಕ್ಷಣವೇ ತೀರ್ಮಾನಿಸಿದೆ. ಪದ್ಮಾ ಬಿಸಿಮಾಡಿಟ್ಟ ನೀರನ್ನು ಬಚ್ಚಲಿಗೆ ಸುರಿದು, ಮುಖವಷ್ಟೇ ತೊಳೆದು, ವಿಭೂತಿ ಹಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಚಳವಳಿಯ ಮೊದಲ ದಿನ ಯಾರೂ ಗಮನಿಸಲಿಲ್ಲ. ಎರಡನೆಯ ದಿನ ಊಟಕ್ಕೆ ಕೂತಾಗ ಪದ್ಮಾ, "ಆ ಕಡೆ ಸರದು ಕೂಡ್ರಿ" ಎಂದಳು. ಆಗ ಎದೆಯುಬ್ಬಿಸಿ ನನ್ನ ಪ್ರತಿಜ್ಞೆಯನ್ನು ಹೇಳಿದೆ. ಅವಳು ಅನ್ನ ಬಡಿಸುತ್ತ, "ಹೌದೇನ್ರಿ? ನಾ ಥಂಡಿಗೆ ಅಂಜಿ ಬಿಟ್ಟೀರಿ ಅನಕೊಂಡಿದ್ದೆ" ಎಂದಳು. ಬೆಂಕಿಯಿಲ್ಲದೆ ಕುದಿಯುವುದು ಎಂದರೇನೆಂದು ನನಗೆ ಆಗ ತಿಳಿಯಿತು.

ಮೂರನೆಯ ದಿನವೇ ಕ್ರಿಸ್‌ಮಸ್. ಬೆಳಗ್ಗೆ ಏಳಕ್ಕೆ ಕರೆಂಟು ಹೋಯಿತು. ಮುಂಭಾಗದಲ್ಲಿ ಎಂಟು ಜನ ಅತಿಥಿಗಳು ಹೆಗಲ ಮೇಲೆ ಟವೆಲು ಹೊದ್ದು ನಡುಗುತ್ತ ನಿಂತಿದ್ದರು. ಹತ್ತಕ್ಕೆ ಅವರೆಲ್ಲ ಚರ್ಚಿಗೆ ಹೊರಡಬೇಕು. ಲೀನಾ ಹಿತ್ತಿಲಿಗೆ ಓಡಿಬಂದಳು. ಕಣ್ಣಲ್ಲಿ ನೀರಿತ್ತು. "ಕಾಕಾ, ಆ ಬಂಬವನ್ನು ಹೊತ್ತಿಸುವುದು ನನಗೆ ಬರುವುದಿಲ್ಲ" ಎಂದಳು. ಈ ಗಳಿಗೆಗಾಗಿ ನಾನು ಒಂದು ಭಾಷಣ ತಯಾರು ಮಾಡಿದ್ದೆ. ಆ ಕಣ್ಣೀರು ಕಂಡು ಅದನ್ನು ಬದಿಗಿಟ್ಟು ಪಡಸಾಲೆಗೆ ನಡೆದೆ. ಟೊಂಗೆ ಕಿತ್ತು ಗೋಡೆಗೆ ಆನಿಸಿ, ರಿಬ್ಬನ್ನು ಬಿಚ್ಚಿ, ಬಂಬವನ್ನು ನಮ್ಮ ಬಚ್ಚಲಿಗೆ ತಂದು ಬೆಂಕಿ ಹಾಕಿದೆ. ಮತ್ತೆ ಗುಳುಗುಳು ಸದ್ದು ಬಂದಾಗ ನಿಜವಾಗಿಯೂ ನನ್ನ ಕಣ್ಣು ತುಂಬಿತು, ಹೊಗೆಗಲ್ಲ.

ಒಬ್ಬರಾದ ಮೇಲೊಬ್ಬರು ಮಿಂದರು. ನಾನು ನೀರು ತುಂಬಿದೆ, ಕಟ್ಟಿಗೆ ಒಡ್ಡಿದೆ, ಊದುಗೊಳವೆ ಊದಿದೆ. ಹೊರಬಂದವರೆಲ್ಲ ಇಡೀ ಹಬ್ಬದಲ್ಲಿ ಇದೊಂದೇ ನಿಜವಾದ ಆ ಕಾಲದ ಅನುಭವ ಎಂದು ಹೊಗಳಿ, ಬಂಬದ ಪಕ್ಕ ನನ್ನನ್ನು ನಿಲ್ಲಿಸಿ ಫೋಟೋ ಹಿಡಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಕೈ ಕಟ್ಟಿ, ಗದ್ದ ಎತ್ತಿ ನಿಂತೆ. ಎಂಟನೆಯವರು ಮುಗಿಸುವಷ್ಟರಲ್ಲಿ ಕಟ್ಟಿಗೆಯೂ ತೀರಿತ್ತು, ಕ್ರಿಸ್‌ಮಸ್ಸಿಗೂ ರಜೆ ಕೊಡದ ನಮ್ಮ ಕಾರ್ಖಾನೆಗೆ ನಾನು ಹೊರಡುವ ಹೊತ್ತೂ ಆಗಿತ್ತು. ಆ ಎಂಟನೆಯವರು ಒಬ್ಬ ವಯಸ್ಸಾದ ಮಹನೀಯರು. ಮೈಯಿಂದ ಹಬೆಯಾಡುತ್ತಿದ್ದ ಅವರು ನನ್ನ ಕೈ ಹಿಡಿದು, "ನೀವು ಪುಣ್ಯವಂತರು. ದಿನವೂ ಇಂಥ ಸ್ನಾನ!" ಎಂದರು.

"ಒಂದು ದಿನವೂ ತಪ್ಪಿಸುವುದಿಲ್ಲ" ಎಂದೆ.

ಬಾಗಿಲ ಮರೆಯಲ್ಲಿ ಪದ್ಮಾ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ನಗು ತಡೆಯುವುದಕ್ಕೋ, ಇನ್ನೇತಕ್ಕೋ, ನಾನು ಕೇಳಲು ಹೋಗಲಿಲ್ಲ.